ಗದ್ದ ಸ್ವಲ್ಪ ಕೆಳಗೆ

ನೀರಿನ ಕಚೇರಿಯಲ್ಲಿ ಲಕೋಟೆಗೆ ಅಂಟು ಹಚ್ಚಿ ಊರಿಗೆಲ್ಲ ಕಳಿಸುವ ಗುಮಾಸ್ತರೊಬ್ಬರಿದ್ದರು. ರವಾನೆ ವಿಭಾಗದವರಾದ್ದರಿಂದ ಎಲ್ಲರೂ ಅವರನ್ನು ರವಾನೆ ಎಂದೇ ಕರೆಯುತ್ತಿದ್ದರು. ಮರ್ಯಾದಸ್ಥರು ರವಾನೆಯವರೇ ಎನ್ನುತ್ತಿದ್ದರು. ಅವರ ಮೇಜು ಎರಡು ಕಬ್ಬಿಣದ ಬೀರುಗಳ ಹಿಂದೆ ಇತ್ತು. ಅವರು ಬಂದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬರದಿದ್ದರೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಜ್ವರ ಬಂದು ವಾರವಿಡೀ ಮಲಗಿ ಎದ್ದು ಬಂದಾಗ ಪಕ್ಕದ ಮೇಜಿನವರು "ಅಂಟಿನ ಡಬ್ಬಿ ಸ್ವಲ್ಪ ಕೊಡ್ರೀ" ಎಂದರು, ಅಷ್ಟೇ. ಇಂಥ ಮನುಷ್ಯನಿಗೆ ನಾಲ್ಕು ಜನರ ಕಣ್ಣಿಗೆ ಬೀಳಬೇಕು ಅನ್ನುವ ಆಸೆ ಇದ್ದರೆ ತಪ್ಪೇನಿಲ್ಲ. ಆದರೆ ಅದಕ್ಕೆ ಅವರು ಹಿಡಿದ ದಾರಿ ಸ್ವಲ್ಪ ಡೊಂಕಾಯಿತು.

ಅವರ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಬಟ್ಟೆ ಅಂಗಡಿಗಳ ಜಾಹೀರಾತಿಗೆ ಫೋಟೋ ತೆಗೆಯುವವನು. ಗೋಡೆಯಷ್ಟು ಎತ್ತರದ ಚಿತ್ರಗಳಲ್ಲಿ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಮುಖ ಮಾಡಿಕೊಂಡು ನಿಂತಿರುತ್ತಾರಲ್ಲ, ಅಂಥವರನ್ನು ಹಾಗೆ ನಿಲ್ಲಿಸುವುದೇ ಅವನ ಕಸುಬು. ಅವನ ಸ್ಟುಡಿಯೋದ ಚಾವಣಿ ಸೋರಲು ಶುರುವಾಗಿ ರಿಪೇರಿಗೆ ಬಂದಾಗ ಸಾಮಾನನ್ನೆಲ್ಲ ತಂದು ಅಕ್ಕನ ಮನೆಯ ನಡುಮನೆಯಲ್ಲಿ ಇಳಿಸಿದ.

"ಭಾವ, ರಿಪೇರಿ ಮುಗಿಯೋವರೆಗೂ ಇವು ಇಲ್ಲೇ ಇರ್ಲಿ. ಯಾರೂ ಮುಟ್ಟೋದು ಬೇಡ."

"ಛೆ ಛೆ, ನಾನ್ಯಾಕಪ್ಪ ಮುಟ್ಲಿ? ನನಗೆ ಬೇರೆ ಕೆಲಸ ಇಲ್ವಾ?" ಎಂದರು ರವಾನೆಯವರು. ಭಾವಮೈದನ ಸ್ಕೂಟರು ಬೀದಿಯ ತಿರುವು ದಾಟುವಷ್ಟರಲ್ಲಿ ಮೊದಲ ಚೀಲದ ಜಿಪ್ಪು ಎಳೆದಾಗಿತ್ತು.

ಆ ಚೀಲದಲ್ಲಿ ಚಪ್ಪಟೆಯಾಗಿ ಮಡಚಿದ ಬೆಳ್ಳಿ ಬಣ್ಣದ ವಸ್ತುವೊಂದಿತ್ತು. ಇದಕ್ಕೆ ರಿಫ್ಲೆಕ್ಟರ್ ಎನ್ನುತ್ತಾರೆ. ಒಂದು ಕಡೆಯಿಂದ ಬಂದ ಬೆಳಕನ್ನು ಇನ್ನೊಂದು ಕಡೆಯಿಂದ ಮುಖಕ್ಕೆ ಚೆಲ್ಲುತ್ತದೆ. ಬಿಚ್ಚುವುದು ಬಹಳ ಸುಲಭ, ಏಕೆಂದರೆ ಅದು ತಾನೇ ಬಿಚ್ಚಿಕೊಳ್ಳುತ್ತದೆ. ಫಟ್ ಎಂದು ಚಿಮ್ಮಿ ಗಾಡಿಚಕ್ರದಷ್ಟು ಅಗಲವಾಗಿ ಮಗಳ ಮನೆಯಲ್ಲೇ ಇದ್ದ ಅತ್ತೆಯ ಕೈಯಲ್ಲಿದ್ದ ಚಹಾದ ಲೋಟವನ್ನು ಕಿಟಕಿಯವರೆಗೆ ಕಳಿಸಿತು. ಮಡಚುವುದಕ್ಕೆ ಒಂದು ಉಪಾಯ ಇದೆಯಂತೆ. ಅದು ರವಾನೆಯವರಿಗೆ ಆವತ್ತೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ.

ಆಮೇಲೆ ಅವರು ಬೆಳಕಿನ ಕೊಡೆ ಬಿಚ್ಚಿದರು. ಹೊರಗೆ ಕಪ್ಪು, ಒಳಗೆ ಬಿಳುಪು, ಕೆಳಗೊಂದು ದೀಪ. ಅತ್ತೆ ಸೆರಗಿನಿಂದ ಚಹಾ ಒರೆಸಿಕೊಳ್ಳುತ್ತ ಮಗಳಿಗೆ ಹೇಳಿದರು: "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡೀತಾನೆ ಅಂತ ಕೇಳಿದ್ದೆ. ಕಣ್ಣಾರೆ ನೋಡೋ ಯೋಗ ಇವತ್ತು ಬಂತು. ಅದೂ ಮನೆ ಒಳಗೆ."

ಮರುದಿನ ಕಚೇರಿಯ ಚಹಾದ ಹೊತ್ತಿನಲ್ಲಿ ರವಾನೆಯವರ ನಾಲಿಗೆಗೆ ಕಾಲು ಬಂತು. ಗೋಡೆಯಲ್ಲಿ ತೂಗುಹಾಕಿದ್ದ ದೊಡ್ಡ ಸಾಹೇಬರ ಫೋಟೋ ನೋಡುತ್ತ, "ಬೆಳಕು ಪಕ್ಕದಿಂದ ಬರ್ಬೇಕಿತ್ತು. ಎದುರಿಂದ ಬಿಟ್ಟು ಕೆಡಿಸಿದ್ದಾರೆ, ಪಾಪ" ಎಂದುಬಿಟ್ಟರು. ಸುತ್ತಲಿದ್ದವರು ಯಾವತ್ತೂ ಇಲ್ಲದ್ದು ಇವರ ಕಡೆ ತಿರುಗಿದರು. ತಿರುಗಿದವರಲ್ಲಿ ಬಾಗಿಲಲ್ಲಿ ನಿಂತಿದ್ದ ದೊಡ್ಡ ಸಾಹೇಬರೂ ಇದ್ದರು.

"ನಿಮಗೆ ಫೋಟೋ ತೆಗೆಯೋಕೆ ಬರುತ್ತೇನ್ರೀ?"

ಬರಲ್ಲ ಎಂದರೆ ಸಾಹೇಬರ ಮುಖಕ್ಕೆ ಹೆಸರಿಟ್ಟ ತಪ್ಪು ತಲೆಗೆ ಬರುತ್ತದೆ. ಬರುತ್ತದೆ ಎಂದರೆ ಸುಳ್ಳು. ರವಾನೆಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು: "ಏನೋ ಸರ್... ಮನೆಯಲ್ಲಿ ಸಾಮಾನೆಲ್ಲಾ ಇದೆ."

"ಒಳ್ಳೇದಾಯ್ತು. ಕೇಂದ್ರ ಕಚೇರಿಯಿಂದ ಹೊಸ ನಿಯಮ ಬಂದಿದೆ. ಎಲ್ಲರಿಗೂ ಫೋಟೋ ಇರೋ ಗುರುತಿನ ಚೀಟಿ ಆಗ್ಬೇಕು. ತಪಾಸಣೆಗೆ ಅಲ್ಲಿಂದ ಅಧಿಕಾರಿ ಬರ್ತಾರೆ. ಫೋಟೋ ನೀವೇ ತೆಗೀರಿ. ಚೆನ್ನಾಗಿ ಬರ್ಬೇಕು, ತಿಳೀತಾ? ಎಡವಟ್ಟೇನಾದ್ರೂ ಮಾಡಿದ್ರೋ, ನೆಲಮಾಳಿಗೆ ಖಾಲಿ ಬಿದ್ದಿದೆ."

ನೆಲಮಾಳಿಗೆ ಅಂದರೆ ಕೆಟ್ಟ ನೀರಿನ ಮೀಟರುಗಳನ್ನು ರಾಶಿ ಹಾಕಿದ ಜಾಗ. ಕಿಟಕಿ ಇಲ್ಲ, ಇರುವುದು ಒಂದೇ ಬಲ್ಬು. ಅಲ್ಲಿಗೆ ವರ್ಗವಾಗಿದ್ದ ಹಿಂದಿನ ಗುಮಾಸ್ತರು ಕೊನೆಕೊನೆಗೆ ಮೀಟರುಗಳ ಜೊತೆ ಮಾತಾಡುತ್ತಿದ್ದರಂತೆ. ನಿವೃತ್ತಿಯ ದಿನ ಅವುಗಳಿಗೂ ಹೋಗಿಬರ್ತೀನಿ ಎಂದು ಹೇಳಿ ಹೋದರಂತೆ. ಬೀರುಗಳ ಹಿಂದಾದರೂ ಪರವಾಗಿಲ್ಲ, ನೆಲದ ಕೆಳಗೆ ಮಾತ್ರ ಬೇಡ ಎಂದುಕೊಂಡರು ರವಾನೆಯವರು.

ಅವರು ಭಾವಮೈದನಿಗೆ ಫೋನು ಮಾಡಿದರು.

"ಸುಮ್ನೆ ತಿಳ್ಕೊಳ್ಳೋಕೆ ಕೇಳ್ತಿದ್ದೀನಿ ಕಣಪ್ಪ. ಒಬ್ಬರ ಫೋಟೋ ತೆಗೀಬೇಕಂದ್ರೆ ಲೈಟು ಎಲ್ಲಿಡ್ಬೇಕು?"

"ಯಾತಕ್ಕೆ ತೆಗೀತಾರೆ ಅನ್ನೋದರ ಮೇಲೆ ಹೋಗುತ್ತೆ ಭಾವ. ಯಾತಕ್ಕೆ?"

ಗುರುತಿನ ಚೀಟಿಗೆ ಎಂದು ಒಂದು ಮಾತು ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟು ದೊಡ್ಡ ಸಾಮಾನಿನ ಒಡೆಯನ ಮುಂದೆ ಅಷ್ಟು ಚಿಕ್ಕ ಮಾತಾಡಲು ರವಾನೆಯವರಿಗೆ ನಾಚಿಕೆಯಾಯಿತು. "ಹೀಗೇ... ಸ್ವಲ್ಪ ದೊಡ್ಡ ಮಟ್ಟದ್ದು" ಎಂದರು.

"ಓ, ಫ್ಯಾಷನ್ನಾ? ಹಾಗಾದ್ರೆ ಕೇಳಿ. ಲೈಟು ಎದುರಿಗೆ ಇಡ್ಲೇಬೇಡಿ, ಮುಖ ಸುಣ್ಣ ಹೊಡೆದ ಗೋಡೆ ಥರ ಕಾಣುತ್ತೆ. ಪಕ್ಕಕ್ಕಿಡಿ, ಕಣ್ಣಿಗಿಂತ ಸ್ವಲ್ಪ ಮೇಲೆ. ಅರ್ಧ ಮುಖಕ್ಕೆ ಬೆಳಕು, ಅರ್ಧಕ್ಕೆ ನೆರಳು. ಕೊಡೆ ಹತ್ತಿರ ತಂದಷ್ಟೂ ಬೆಳಕು ಮೃದು. ಹಿಂದೆ ಕಪ್ಪು ಬಟ್ಟೆ. ಭುಜ ಓರೆ, ಮೈಭಾರ ಹಿಂದಿನ ಕಾಲಿನ ಮೇಲೆ. ಗದ್ದ ಮುಂದಕ್ಕೆ ತಂದು ಸ್ವಲ್ಪ ಕೆಳಗೆ. ಯಾರೋ ಕರೆದ್ರು ಅಂತ ತಿರುಗಿ ನೋಡೋ ಹಾಗಿರ್ಬೇಕು. ನಗಿ ಅಂತ ಮಾತ್ರ ಹೇಳ್ಬೇಡಿ. ಕ್ಯಾಮೆರಾನ ನೆಟ್ಟಗೆ ನೋಡೋಕಂತೂ ಬಿಡ್ಲೇಬೇಡಿ ಭಾವ, ಗುರುತಿನ ಚೀಟಿ ಫೋಟೋ ಥರ ಆಗಿಬಿಡುತ್ತೆ."

"ಅಯ್ಯಯ್ಯೋ, ಹಾಗಾಗಬಾರದು" ಎಂದು ರವಾನೆಯವರು ಗಾಬರಿಯಿಂದ ಒಪ್ಪಿಕೊಂಡರು.

ಅಭ್ಯಾಸಕ್ಕೆ ಅತ್ತೆ ಸಿಕ್ಕರು. ಸೊಪ್ಪು ಬಿಡಿಸುತ್ತಿದ್ದವರನ್ನು ಎಬ್ಬಿಸಿ, ಬಾಗಿಲ ಪರದೆ ಕಿತ್ತು ಹಿಂದೆ ಕಟ್ಟಿ, ಕೊಡೆಯನ್ನು ಕಿವಿಯವರೆಗೆ ತಂದಿಟ್ಟು, "ಅತ್ತೆ, ಯಾರೋ ಕರೆದ ಹಾಗೆ ತಿರುಗಿ ನೋಡಿ" ಎಂದರು.

"ಯಾರು ಕರೆದ್ರು?"

"ಯಾರೂ ಕರೆದಿಲ್ಲ. ಕರೆದ ಹಾಗೆ."

"ಯಾರೂ ಕರೀದೆ ನಾನ್ಯಾಕೆ ತಿರುಗ್ಲಿ? ನನಗೇನು ಕತ್ತು ಹೆಚ್ಚಾಗಿದೆಯಾ?"

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹಿತ್ತಲಿನಿಂದ "ಅಮ್ಮಾ, ನಿಮ್ಮ ನಲ್ಲಿ ತೆಗೆದೇ ಇದೆ!" ಎಂದು ಕೂಗಿದರು. ಅತ್ತೆ ತಿರುಗಿದರು, ರವಾನೆಯವರ ಬೆರಳು ಒತ್ತಿತು. ಫೋಟೋದಲ್ಲಿ ರಾಜ್ಯವನ್ನೇ ಬಿಟ್ಟುಕೊಟ್ಟು ಬಂದ ರಾಜಮಾತೆಯೊಬ್ಬರು ಕತ್ತಲಿನ ಕಡೆ ನೋಡುತ್ತಿದ್ದರು.

"ಇದು ಯಾರು? ನಮ್ಮ ದೊಡ್ಡಕ್ಕನಾ?" ಎಂದು ಕೇಳಿದರು ಅತ್ತೆ.

"ನೀವೇ ಅತ್ತೆ."

ಅತ್ತೆ ಸೊಪ್ಪಿನ ಮೊರ ಬದಿಗಿಟ್ಟು ಒಳಗೆ ಹೋದರು. ಆಮೇಲೆ ಅಳಿಯನಿಗೆ ಬಿಸಿ ಚಹಾ ತಾವೇ ತಂದುಕೊಟ್ಟರು. ಮದುವೆಯಾದ ಲಾಗಾಯ್ತು ನಡೆಯದ ಈ ಸಂಗತಿಯಿಂದ ರವಾನೆಯವರಿಗೆ ತಮ್ಮ ವಿದ್ಯೆಯ ಮೇಲೆ ಪೂರ್ತಿ ನಂಬಿಕೆ ಹುಟ್ಟಿತು. ಮಾಡೆಲ್ಲನ್ನು ಗುರುತು ಹಿಡಿಯಲು ಮಾಡೆಲ್ಲಿಗೇ ಆಗಲಿಲ್ಲ ಅನ್ನುವುದು ಅವರ ಗಮನಕ್ಕೆ ಬರಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಅವರು ಕ್ಯಾಮೆರಾ, ಕಪ್ಪು ಬಟ್ಟೆ, ಕೊಡೆ, ದೀಪ, ಮೂರು ಕಾಲಿನ ಸ್ಟ್ಯಾಂಡು, ಮಡಚಲು ಬಾರದ ರಿಫ್ಲೆಕ್ಟರು, ಎಲ್ಲ ಹೊತ್ತು ಹತ್ತಿದರು. ರಿಫ್ಲೆಕ್ಟರಿಗೆ ಬಿಸಿಲು ತಾಗಿ ಇಡೀ ಬಸ್ಸು ಕಣ್ಣು ಕಿರಿದು ಮಾಡಿಕೊಂಡಿತು. ಕಂಡಕ್ಟರ್ "ಸ್ವಾಮೀ, ಆ ಸೂರ್ಯನ್ನ ಸ್ವಲ್ಪ ಆ ಕಡೆ ತಿರುಗಿಸಿ, ಡ್ರೈವರಿಗೆ ರಸ್ತೆ ಕಾಣ್ತಿಲ್ಲ" ಎಂದ.

ಸಭೆಯ ಕೋಣೆಯಲ್ಲಿ ಸ್ಟುಡಿಯೋ ಎದ್ದಿತು. ಮೊದಲು ಬಂದವರು ಲೆಕ್ಕದ ಮೇಡಂ. ಕಚೇರಿಯಲ್ಲಿ ಅವರನ್ನು ಕಂಡರೆ ಫ್ಯಾನು ಕೂಡ ಮೆಲ್ಲಗೆ ತಿರುಗುತ್ತಿತ್ತು.

"ಸುಮ್ನೆ ಒತ್ತಿ ಮುಗಿಸಿಬಿಡಿ. ನನ್ನ ಫೋಟೋ ಯಾವತ್ತೂ ನೆಟ್ಟಗೆ ಬಂದಿಲ್ಲ. ಮದುವೆ ಫೋಟೋದಲ್ಲೇ ಜಪ್ತಿಗೆ ಬಂದವಳ ಥರ ಇದ್ದೀನಿ."

"ಕಿಟಕಿ ಕಡೆ ನೋಡಿ ಮೇಡಂ. ಅಲ್ಲಿ ನಿಮಗೆ ಬಹಳ ಇಷ್ಟವಾದದ್ದು ಏನೋ ಇದೆ ಅಂದ್ಕೊಳ್ಳಿ."

"ಏನಿದೆ?"

"ನಿಮಗೆ ಏನಿಷ್ಟ?"

ಮೇಡಂ ಯೋಚಿಸಿದರು. "ವರ್ಷದ ಕೊನೇಲಿ ಲೆಕ್ಕ ತಾಳೆ ಆಗೋದು."

"ಆಗಿದೆ ಅಂದ್ಕೊಳ್ಳಿ. ಒಂದು ಪೈಸೆ ಆ ಕಡೆ ಈ ಕಡೆ ಇಲ್ಲ. ಭುಜ ಓರೆ... ಗದ್ದ ಸ್ವಲ್ಪ ಕೆಳಗೆ..."

ಲೆಕ್ಕ ತಾಳೆಯಾದ ಮುಖ ಹೇಗಿರುತ್ತದೆ ಎಂದು ಆ ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. ಕ್ಯಾಮೆರಾ ಕಂಡಿತು. ಮೇಡಂ ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು, ಇನ್ನೊಮ್ಮೆ ನೋಡಿದರು, ಹೊರಗೆ ಹೋದರು. ಹಿಂದೆಯೇ ಪೈಪಿನ ಮೇಸ್ತ್ರಿ ಬಂದ. ಅವನ ಮೂಗು ಮುಖದಿಂದ ತುಂಬಾ ಮುಂದೆ ಹೋಗಿತ್ತು. ನೆರಳಿನಲ್ಲಿ ಅದು ವಾಪಸು ಬಂದು ತನ್ನ ಜಾಗದಲ್ಲಿ ನಿಂತಿತು.

ಕೊನೆಗೆ ದೊಡ್ಡ ಸಾಹೇಬರು ಬಂದರು. ಸಾಹೇಬರ ತಲೆ ಬಟ್ಟಂಬಯಲು. ಎಲ್ಲಿ ಲೈಟಿಟ್ಟರೂ ತಲೆಯ ಮೇಲೆ ಇನ್ನೊಂದು ಲೈಟು ಹುಟ್ಟುತ್ತಿತ್ತು. ತಲೆ ಹೊಳೀತಿದೆ ಸರ್ ಎನ್ನುವುದು ನೌಕರಿಯಲ್ಲಿರುವವನು ಆಡುವ ಮಾತಲ್ಲ. ರವಾನೆಯವರು ದೀಪವನ್ನು ಇಂಚಿಂಚೇ ಕೆಳಗಿಳಿಸುತ್ತ ಹೋದರು. ಹುಬ್ಬಿನಿಂದ ಮೇಲಿನ ಭಾಗ ಹಿಂದಿನ ಕಪ್ಪು ಬಟ್ಟೆಯಲ್ಲಿ ಕರಗಿಹೋಯಿತು. ಫೋಟೋದಲ್ಲಿ ತಲೆ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ತಿಳಿಯದೆ, ದಟ್ಟವಾದ ಕಪ್ಪು ಕೂದಲಿನ ಹಾಗೆ ಕಂಡಿತು.

"ಪರವಾಗಿಲ್ಲ ರೀ. ಇದ್ದದ್ದು ಇದ್ದ ಹಾಗೆ ಬಂದಿದೆ" ಎಂದರು ಸಾಹೇಬರು.

ಹೀಗೆ ಇಡೀ ಕಚೇರಿಯ ಫೋಟೋ ಆಯಿತು. ರವಾನೆಯವರ ಫೋಟೋ ಮಾತ್ರ ಯಾರೂ ತೆಗೆಯಲಿಲ್ಲ, ಅದು ಯಾರಿಗೂ ನೆನಪೂ ಆಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು.

ಚೀಟಿಗಳು ಬಂದ ದಿನ ಕಚೇರಿಯಲ್ಲಿ ಯಾರೂ ಕೆಲಸ ಮಾಡಲಿಲ್ಲ. ಲೆಕ್ಕದ ಮೇಡಂ ಅವರ ಯಜಮಾನರು ಚೀಟಿ ನೋಡಿ, ಈಕೆ ಯಾವ ವಿಭಾಗದಲ್ಲಿದ್ದಾರೆ, ನಾನು ನೋಡೇ ಇಲ್ವಲ್ಲ ಎಂದರಂತೆ. ಸಾಹೇಬರ ಮನೆಯವರು ಅದನ್ನು ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕಿ ತವರಿಗೆಲ್ಲ ಫೋನು ಮಾಡಿದರಂತೆ. ಎಲ್ಲರೂ ಬೀರುಗಳ ಹಿಂದೆ ಬಂದು ರವಾನೆಯವರೇ, ರವಾನೆಯವರೇ ಎಂದರು. ಸಾಹೇಬರು ನೆಲಮಾಳಿಗೆಯ ಮಾತೇ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಹೊಸ ಕಾವಲುಗಾರ ನಿಂತಿದ್ದ. ಕೇಂದ್ರ ಕಚೇರಿಯೇ ಕಳಿಸಿದ ಆಸಾಮಿ. ಚೀಟಿಗೂ ಮುಖಕ್ಕೂ ತಾಳೆ ನೋಡಿಯೇ ಒಳಗೆ ಬಿಡಬೇಕೆಂದು ಅವನಿಗೆ ಆಜ್ಞೆಯಾಗಿತ್ತು.

ಲೆಕ್ಕದ ಮೇಡಂ ಹೆಮ್ಮೆಯಿಂದ ಚೀಟಿ ಚಾಚಿದರು. ಅವನು ಚೀಟಿ ನೋಡಿದ, ಮೇಡಂ ನೋಡಿದ, ಚೀಟಿ ತಿರುಗಿಸಿ ಹಿಂದುಗಡೆ ನೋಡಿದ.

"ಇವರು ಬಂದಿಲ್ವಾ?"

"ಯಾರು?"

"ಈ ಫೋಟೋದಲ್ಲಿರೋ ಅಮ್ಮಾವ್ರು."

"ನಾನೇ ರೀ ಅದು!"

"ಅಮ್ಮಾ, ನಿಮ್ಮ ತಂಗಿ ಚೀಟಿ ತಂದು ಒಳಗೆ ಹೋಗ್ತೀನಿ ಅಂದ್ರೆ ನನ್ನ ಕೆಲಸಕ್ಕೆ ಕುತ್ತು. ಪಕ್ಕಕ್ಕೆ ನಿಲ್ಲಿ."

ಮೇಸ್ತ್ರಿಯನ್ನೂ ಮೂಗಿನ ಕಾರಣಕ್ಕೆ ಪಕ್ಕಕ್ಕೆ ನಿಲ್ಲಿಸಿದ. ಒಬ್ಬೊಬ್ಬರಾಗಿ ಇಡೀ ಕಚೇರಿ ರಸ್ತೆಯ ಮೇಲೆ ನಿಂತಿತು. ಕೊನೆಗೆ ಸಾಹೇಬರ ಕಾರು ಬಂತು.

"ನಾನು ಈ ಕಚೇರಿ ಮುಖ್ಯಸ್ಥ ಕಣಯ್ಯ!"

"ಚೀಟಿಯಲ್ಲಿರೋ ಮುಖ್ಯಸ್ಥರಿಗೆ ಕೂದಲಿದೆ" ಎಂದ ಕಾವಲುಗಾರ. ದನಿಯಲ್ಲಿ ಕುಚೋದ್ಯ ಇರಲಿಲ್ಲ.

ಸಾಹೇಬರ ತಲೆ ಕೆಂಪಗಾಯಿತು. ಬಿಲ್ಲು ಕಟ್ಟಲು ಬಂದ ಜನ ಸುತ್ತ ನೆರೆದು ಬಿಟ್ಟಿ ನಾಟಕ ನೋಡತೊಡಗಿದರು. ಲೆಕ್ಕದ ಮೇಡಂ ಸಿಟ್ಟಿನಿಂದ ಮನೆಗೆ ಹೊರಟು ನಾಲ್ಕು ಹೆಜ್ಜೆ ಹಾಕಿದರು. ಆಗ ರವಾನೆಯವರು ಹಿಂದಿನಿಂದ "ಮೇಡಂ!" ಎಂದು ಕೂಗಿದರು. ಮೇಡಂ ಭುಜದ ಮೇಲಿಂದ ತಿರುಗಿ ನೋಡಿದರು. ಪಕ್ಕದಿಂದ ಎಳೆಬಿಸಿಲು ಅರ್ಧ ಮುಖಕ್ಕೆ ಬಿದ್ದಿತ್ತು.

"ಹಾಂ! ಬಂದ್ರು ನೋಡಿ!" ಎಂದು ಕಾವಲುಗಾರ ಕೂಗಿದ. "ಇವರೇ! ಬನ್ನಿ ಅಮ್ಮಾ, ಇಷ್ಟೊತ್ತು ಎಲ್ಲಿದ್ರಿ?"

ರವಾನೆಯವರಿಗೆ ಹೋದ ಜೀವ ಬಂತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭುಜ ಓರೆ ಮಾಡಿಸಿದರು, ಗದ್ದ ಇಳಿಸಿದರು, ಒಬ್ಬೊಬ್ಬರ ಹೆಸರನ್ನು ಹಿಂದಿನಿಂದ ಕೂಗಿದರು. ಮೇಸ್ತ್ರಿಯ ಮೂಗಿಗೆ ತಮ್ಮ ಅಂಗೈಯನ್ನೇ ನೆರಳು ಹಿಡಿದರು. ಸಾಹೇಬರದ್ದೇ ಕಷ್ಟವಾಯಿತು. ಕಡೆಗೆ ತಮ್ಮ ಮಳೆಗಾಲದ ಕಪ್ಪು ಕೊಡೆ ಬಿಚ್ಚಿ ಸಾಹೇಬರ ತಲೆಯ ಹಿಂದೆ ಹಿಡಿದು, ಹುಬ್ಬಿನ ಮೇಲೆ ಬಿಸಿಲು ಬೀಳದಂತೆ ಅಡ್ಡ ನಿಂತರು. ಕಾವಲುಗಾರ ಕಣ್ಣು ಕಿರಿದು ಮಾಡಿ, "ಈಗ ಕೂದಲು ಬಂತು. ಹೋಗಿ ಸಾರ್" ಎಂದ. ಸಾಹೇಬರು ಒಳಗೆ ನಡೆದರು. ಹಿಂದೆ ಕೊಡೆ ಹಿಡಿದ ರವಾನೆಯವರೂ ನಡೆದರು. ಅವರು ಸಾಹೇಬರ ಹಿನ್ನೆಲೆಯಾಗಿದ್ದರಿಂದ ಚೀಟಿ ಕೇಳಬೇಕೆಂದು ಕಾವಲುಗಾರನಿಗೆ ತೋಚಲಿಲ್ಲ.

ಒಳಗೆ ಹೋದದ್ದೇ ಸಾಹೇಬರು ಗುಡುಗಿದರು. "ಎಲ್ಲಾ ಫೋಟೋ ಮತ್ತೆ ತೆಗೀರಿ! ನೆಟ್ಟಗೆ! ಮುಖದ ಥರ! ಇಲ್ಲಾಂದ್ರೆ ಇವತ್ತೇ ನೆಲಮಾಳಿಗೆ!"

ರವಾನೆಯವರು ಕ್ಯಾಮೆರಾ ಹಿಡಿದು ಮೇಜಿನಿಂದ ಮೇಜಿಗೆ ಅಲೆದರು. ಯಾರೂ ಏಳಲಿಲ್ಲ.

"ಇನ್ನೊಂದ್ಸಲ ತೆಗೆದ್ರೆ ನಾನು ಮತ್ತೆ ನಾನೇ ಆಗಿಬಿಡ್ತೀನಿ" ಎಂದರು ಲೆಕ್ಕದ ಮೇಡಂ. "ಬೇಡ ರವಾನೆಯವರೇ. ಬೇಕಾದ್ರೆ ದಿನಾ ತಿರುಗಿ ನೋಡ್ತೀನಿ."

ಮೇಸ್ತ್ರಿ ಚೀಟಿಯನ್ನು ಜೇಬಿನೊಳಗೆ ಹಾಕಿ ಗುಂಡಿ ಹಾಕಿಕೊಂಡ. ಮಧ್ಯಾಹ್ನದ ಹೊತ್ತಿಗೆ ಸಾಹೇಬರ ಮನೆಯವರಿಂದಲೂ ಫೋನು ಬಂತು. ಕೊಠಡಿಯ ಬಾಗಿಲು ಮುಚ್ಚಿದ್ದರೂ ಎಲ್ಲರಿಗೂ ಕೇಳಿಸಿತು. "ಆ ಫೋಟೋ ಬದಲಾಯಿಸಿದ್ರೆ ಆ ಆಫೀಸಲ್ಲೇ ಹಾಸಿಗೆ ಹಾಸ್ಕೊಳ್ಳಿ!"

ಸಾಹೇಬರು ರವಾನೆಯವರನ್ನು ಕರೆಸಿ ದನಿ ತಗ್ಗಿಸಿದರು. "ಸರಿ, ಫೋಟೋ ಇರ್ಲಿ. ಆದ್ರೆ ತಪಾಸಣೆ ದಿನ ಗೇಟಿನಲ್ಲಿ ಒಬ್ಬರನ್ನೂ ಅವನು ತಡೀಬಾರದು. ಒಬ್ಬರನ್ನ ತಡೆದ್ರೂ ನೀವು ಕೆಳಗೆ."

ಅಂದಿನಿಂದ ಗೇಟಿನಲ್ಲಿ ತರಬೇತಿ ಶುರುವಾಯಿತು. ಮಡಚಲು ಬಾರದ ರಿಫ್ಲೆಕ್ಟರು ಬೇಲಿಗೆ ಕಟ್ಟಿಸಿಕೊಂಡು ಕಡೆಗೂ ಒಂದು ಕೆಲಸಕ್ಕೆ ಬಂತು. ಮೋಡವಿದ್ದ ದಿನ ಕಾವಲುಗಾರ ತನ್ನ ಟಾರ್ಚನ್ನೇ ಕಣ್ಣಿಗಿಂತ ಸ್ವಲ್ಪ ಮೇಲೆ, ಪಕ್ಕದಿಂದ ಬಿಡಲು ಕಲಿತ. ಕಲಿತದ್ದೇ ತಡ, ಅವನು ಗುರುವಿಗೇ ತಿರುಮಂತ್ರ ಹೇಳತೊಡಗಿದ. "ಮೇಸ್ತ್ರಿ, ಮೈಭಾರ ಹಿಂದಿನ ಕಾಲಿಗೆ! ಮೇಡಂ, ಇವತ್ತು ಲೆಕ್ಕ ತಾಳೆ ಆಗಿಲ್ವಾ? ಮುಖದಲ್ಲಿ ಕಾಣ್ತಾ ಇಲ್ಲ" ಎನ್ನುತ್ತಿದ್ದ. ತಪಾಸಣೆಯ ಹಿಂದಿನ ದಿನ ಸಾಹೇಬರಿಗಾಗಿ ಗೇಟಿನ ಕಂಬಕ್ಕೆ ತಾನೇ ಒಂದು ಕಪ್ಪು ಬಟ್ಟೆ ಹೊಡೆದ. ಬಿಲ್ಲು ಕಟ್ಟಲು ಬರುವ ಜನ ಇದೂ ಒಂದು ಹೊಸ ನಿಯಮವೇ ಇರಬೇಕೆಂದುಕೊಂಡರು. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರು ಕೊಡಲು ಬಂದ ಅಜ್ಜಿಯೊಬ್ಬರು ಖಾಲಿ ಬಿಂದಿಗೆಯನ್ನು ಸೊಂಟಕ್ಕೆ ಇಟ್ಟು, ಭುಜ ಓರೆ ಮಾಡಿ, ದೂರದಲ್ಲಿ ಏನನ್ನೋ ನೋಡುತ್ತ ನಿಂತರು. ಅವರ ದೂರನ್ನು ಅಂದೇ ತೆಗೆದುಕೊಂಡರಂತೆ.

ತಪಾಸಣೆಯ ದಿನ ಬಂತು. ಸಾಹೇಬರು ಗಾಬರಿಯಿಂದ ಬೆಳಗಾಗುತ್ತಲೇ ಬಂದು, ಕಂಬದ ಕಪ್ಪು ಬಟ್ಟೆಯ ಮುಂದೆ ನಿಂತು, ಕೂದಲು ಬರಿಸಿಕೊಂಡು ಒಳಗೆ ಹೋಗಿಬಿಟ್ಟಿದ್ದರು. ಆಮೇಲೆ ರವಾನೆಯವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದರು.

"ಚೀಟಿ?" ಎಂದ ಕಾವಲುಗಾರ.

"ಏನಯ್ಯ, ನಾನು! ದಿನಾ ಬರ್ತೀನಲ್ಲ!"

"ದಿನಾ ಸಾಹೇಬರ ಹಿನ್ನೆಲೆಯಾಗಿ ಬರ್ತಿದ್ರಿ. ಇವತ್ತು ಸಾಹೇಬರು ಆಗ್ಲೇ ಹೋದ್ರು. ಚೀಟಿ ಎಲ್ಲಿ?"

ಚೀಟಿ ಇರಲಿಲ್ಲ. ಒಬ್ಬರನ್ನು ತಡೆದರೂ ನೆಲಮಾಳಿಗೆ ಎಂದಿದ್ದರು ಸಾಹೇಬರು. ಆ ಒಬ್ಬರು ತಾವೇ ಆಗುತ್ತೇವೆಂದು ರವಾನೆಯವರು ಕನಸಿನಲ್ಲೂ ಎಣಿಸಿರಲಿಲ್ಲ. ಅವರು ಕೈಮುಗಿದರು, ಬೇಡಿಕೊಂಡರು, ಕಣ್ಣಲ್ಲಿ ನೀರೂ ತಂದುಕೊಂಡರು. "ಬೆಳಕು ಚೆನ್ನಾಗಿದೆ ಸಾರ್, ಆದ್ರೆ ಚೀಟಿ ಇಲ್ಲ" ಎಂದ ಕಾವಲುಗಾರ.

ಅದೇ ಹೊತ್ತಿಗೆ ತಪಾಸಣೆಯ ಅಧಿಕಾರಿಗಳ ಕಾರು ಬಂದು ನಿಂತಿತು. ಅಧಿಕಾರಿಗಳು ಇಳಿದು ನೋಡುತ್ತಾರೆ, ಗೇಟಿನ ಮುಂದೆ ಇಡೀ ಕಚೇರಿ ಸಾಲಾಗಿ, ಯಾರೂ ಯಾರನ್ನೂ ನೋಡದೆ, ಗದ್ದ ಇಳಿಸಿ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕಣ್ಣು ನೆಟ್ಟು ನಿಂತಿದೆ. ಕಾವಲುಗಾರ ಅವರಿಗೂ ಕೈ ಚಾಚಿದ. ಅಧಿಕಾರಿಗಳ ಚೀಟಿಯಲ್ಲಿ ಸೀನು ಬರುವ ಮುಂಚಿನ ಮುಖವೊಂದು, ಒಂದು ಕಣ್ಣು ಮುಚ್ಚಿ, ನೆಟ್ಟಗೆ ನೋಡುತ್ತಿತ್ತು. ಕಾವಲುಗಾರ ಅರೆಕ್ಷಣದಲ್ಲಿ ವಾಪಸು ಕೊಟ್ಟ.

"ಇದು ನೀವೇ. ಹಾಗೇ ಹೋಗಿ."

ಅಧಿಕಾರಿಗಳು ಅಲ್ಲಾಡಲಿಲ್ಲ. "ಒಂದ್ಸಲ ಸರಿಯಾಗಿ ನೋಡಪ್ಪ."

"ನೋಡೋದೇನೂ ಬೇಡ ಸಾರ್. ಪಕ್ಕಾ ನೀವೇ."

ಅಧಿಕಾರಿಗಳ ಮುಖ ಬಾಡಿತು. ಬಾಡಿದ ಮುಖದಲ್ಲೇ ಅವರು ಸಾಲಿನಲ್ಲಿದ್ದವರ ಚೀಟಿಗಳನ್ನು ಒಂದೊಂದಾಗಿ ಈಸಿಕೊಂಡು ನೋಡಿದರು. ನೋಡುತ್ತ ನೋಡುತ್ತ ಬಾಡಿದ್ದು ಬಿರುಸಾಯಿತು.

"ಇದೇನ್ರೀ ಇದು? ಇದರಲ್ಲಿ ಯಾರೂ ಅವರವರ ಥರ ಇಲ್ಲವಲ್ಲ! ಗುರುತಿನ ಚೀಟಿಯೋ, ಜವಳಿ ಅಂಗಡಿ ಬೋರ್ಡೋ? ಪೂರಾ ನಿಯಮಕ್ಕೆ ವಿರುದ್ಧ! ಯಾರು ತೆಗೆದದ್ದು?"

ಒಳಗಿನಿಂದ ಓಡಿ ಬಂದ ಸಾಹೇಬರ ಬೆರಳು ಗೇಟಿನ ಸರಳುಗಳ ನಡುವಿನಿಂದ ಹೊರಗೆ ಬಂತು. "ಅವರು ಸರ್! ಆ ಮೂಲೇಲಿ ನಿಂತಿದ್ದಾರಲ್ಲ, ರವಾನೆ! ನನಗೇನೂ ಗೊತ್ತಿಲ್ಲ ಸರ್!"

ಅಧಿಕಾರಿಗಳು ಭುಜದ ಮೇಲಿಂದ ತಿರುಗಿ ನೋಡಿದರು. ಪಕ್ಕದಿಂದ ಎಳೆಬಿಸಿಲು, ಬೇಲಿಯ ರಿಫ್ಲೆಕ್ಟರಿನಿಂದ ಇತ್ತ ಕಡೆಗೆ ಮೃದುವಾದ ಬೆಳಕು, ಹಿಂದೆ ಕಂಬದ ಕಪ್ಪು ಬಟ್ಟೆ. ರವಾನೆಯವರ ತಲೆ ಕೆಲಸ ನಿಲ್ಲಿಸಿತ್ತು, ಕೈ ನಿಲ್ಲಿಸಿರಲಿಲ್ಲ.

"ಸರ್, ಹಾಗೇ ಇರಿ! ಗದ್ದ ಸ್ವಲ್ಪ ಕೆಳಗೆ!"

ಅಷ್ಟು ದೊಡ್ಡ ಅಧಿಕಾರಿಗೆ ಗದ್ದ ಇಳಿಸು ಎಂದು ಯಾರೂ ಹೇಳಿರಲಿಲ್ಲ. ಅಚ್ಚರಿಯಲ್ಲಿ ಅವರು ಇಳಿಸಿದರು. ಕ್ಯಾಮೆರಾ ಕ್ಲಿಕ್ಕೆಂದಿತು. ಸಾಹೇಬರು ಕಣ್ಣು ಮುಚ್ಚಿಕೊಂಡರು.

ಅಧಿಕಾರಿಗಳು ನಿಧಾನವಾಗಿ ನಡೆದು ಬಂದು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಇಣುಕಿದರು.

"ಇದು... ನಾನಾ?"

"ಹೌದು ಸರ್. ತಪ್ಪಾಯ್ತು ಸರ್."

ಕಾವಲುಗಾರನೂ ಕತ್ತು ಚಾಚಿ ನೋಡಿದ. ಕರ್ತವ್ಯದ ಮುಂದೆ ಅವನಿಗೆ ದೊಡ್ಡವರು ಚಿಕ್ಕವರು ಅಂತಿರಲಿಲ್ಲ. "ಅಲ್ಲ ಸಾರ್. ಇದು ನೀವಲ್ಲ."

"ನಾನಲ್ಲ ಅಂತೀಯಾ?"

"ಖಂಡಿತಾ ಅಲ್ಲ. ಈ ಚೀಟಿ ತಂದ್ರೆ ನಿಮ್ಮನ್ನ ಒಳಗೆ ಬಿಡೋದೇ ಇಲ್ಲ."

ಅಧಿಕಾರಿಗಳು ನಕ್ಕರು. ಅವರು ನಕ್ಕದ್ದನ್ನು ಕಂಡವರು ಇಲಾಖೆಯಲ್ಲಿ ಬಹಳ ಜನ ಇರಲಿಲ್ಲ. ಕಾವಲುಗಾರನ ಬೆನ್ನು ತಟ್ಟಿದರು. ಆಮೇಲೆ ಸಾಹೇಬರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು.

"ವ್ಯವಸ್ಥೆ ತೃಪ್ತಿಕರವಾಗಿದೆ. ಇನ್ನು ಮೇಲೆ ಎಲ್ಲಾ ಶಾಖೆಗಳ ಫೋಟೋನೂ ಇವರೇ ತೆಗೀಲಿ. ಇವರಿಗೆ ಒಂದು ಪ್ರತ್ಯೇಕ ಕೋಣೆ ಕೊಡಿ. ಫೋಟೋ ಕೆಲಸಕ್ಕೆ ಹೊರಗಿನ ಬೆಳಕು ಬರಬಾರದು ಅಂತ ಕೇಳಿದ್ದೀನಿ. ಕಿಟಕಿ ಇಲ್ಲದ ಜಾಗ ಯಾವುದಾದ್ರೂ ಇದೆಯಾ?"

ಸಾಹೇಬರ ಮುಖ ಅರಳಿತು.

"ಇದೆ ಸರ್. ನೆಲಮಾಳಿಗೆ. ಇವರಿಗೆ ಅಂತಲೇ ಕಾಯ್ದಿರಿಸಿದ್ದೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ರವಾನೆಯವರು ಏನೋ ಹೇಳಲು ಬಾಯಿ ತೆರೆದರು. ಆದರೆ ಅವರ ಹೊಸ ಕೋಣೆಗೆ ಹೋಗಲು ಮೊದಲು ಗೇಟು ದಾಟಬೇಕಿತ್ತು, ಗೇಟು ದಾಟಲು ಚೀಟಿ ಬೇಕಿತ್ತು. ಲೆಕ್ಕದ ಮೇಡಂ ಕ್ಯಾಮೆರಾ ಕಿತ್ತುಕೊಂಡರು. ಸುತ್ತಲಿದ್ದವರೆಲ್ಲ ಈ ವಿದ್ಯೆಯಲ್ಲಿ ಪಳಗಿದವರೇ ಆಗಿದ್ದರು. "ಗದ್ದ ಮೇಲೆ!" "ಅಲ್ಲ, ಕೆಳಗೆ!" "ಹಿಂದಿನ ಕಾಲು!" "ಲೆಕ್ಕ ತಾಳೆ ಆಗಿದೆ ಅಂದ್ಕೊಳ್ಳಿ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಬಿಸಿಲು ಆಗಲೇ ಎದುರಿಗೆ ಬಂದಿತ್ತು. "ಅಲ್ಲ ರೀ, ಬೆಳಕು..." ಎಂದು ರವಾನೆಯವರು ಬಾಯಿ ತೆರೆದಾಗ ಮೇಡಂ ಒತ್ತಿಬಿಟ್ಟರು.

ಸಂಜೆ ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ಕೇಳಿದಳು: "ಅಲ್ಲ, ತಪ್ಪು ಮಾಡಿದ್ರೆ ಹಾಕ್ತಿದ್ದದ್ದೂ ನೆಲಮಾಳಿಗೆಗೆ, ಚೆನ್ನಾಗಿ ಮಾಡಿದ್ದಕ್ಕೆ ಹಾಕಿದ್ದೂ ನೆಲಮಾಳಿಗೆಗೆ. ವ್ಯತ್ಯಾಸ ಏನ್ರೀ?"

"ಇದು ಗೌರವದಿಂದ ಹಾಕಿದ್ದು ಕಣೆ."

"ಅಲ್ಲೂ ಅದೇ ಒಂದು ಬಲ್ಬು ತಾನೇ?"

ಆ ಭಾನುವಾರ ಭಾವಮೈದ ಬಂದು ಚಾವಣಿ ರಿಪೇರಿ ಮುಗಿಯಿತೆಂದು ಸಾಮಾನನ್ನೆಲ್ಲ ಒಯ್ದ. ಬೇಲಿಯಿಂದ ಬಿಚ್ಚಿ ತಂದಿದ್ದ ರಿಫ್ಲೆಕ್ಟರನ್ನು ಒಂದು ತಿರುವು ತಿರುವಿ ಚೀಲದಲ್ಲಿ ಹಾಕಿಕೊಂಡ. ಹೇಗೆ ತಿರುವಿದ ಎಂದು ರವಾನೆಯವರು ಮೂರು ಸಲ ಕೇಳಿದರೂ ತಿಳಿಯಲಿಲ್ಲ. ಕಚೇರಿಗೆ ಸ್ವಂತ ಸಾಮಾನು ಕೊಳ್ಳಲು ಮಂಜೂರಾತಿ ಆಗಿದೆಯಂತೆ. ಅದು ಇನ್ನೂ ದಾರಿಯಲ್ಲಿದೆ.

ಸೋಮವಾರ ಗೇಟಿನಲ್ಲಿ ಎಂದಿನಂತೆ ಸಾಲು ನಿಂತಿತ್ತು. ಲೆಕ್ಕದ ಮೇಡಂ ಭುಜದ ಮೇಲಿಂದ ನೋಡುತ್ತಿದ್ದರು, ಮೇಸ್ತ್ರಿ ಮೂಗನ್ನು ನೆರಳಿಗೆ ಹಿಡಿದಿದ್ದ, ಸಾಹೇಬರು ಕಪ್ಪು ಬಟ್ಟೆಯ ಮುಂದೆ ಕೂದಲಿಗಾಗಿ ಕಾಯುತ್ತಿದ್ದರು. ರವಾನೆಯವರು ಹೊಸ ಚೀಟಿ ಹಿಡಿದು, ಭುಜ ಓರೆ ಮಾಡಿ, ಮೈಭಾರ ಹಿಂದಿನ ಕಾಲಿಗೆ ಬಿಟ್ಟು, ಗದ್ದ ಸ್ವಲ್ಪ ಕೆಳಗಿಳಿಸಿ ನಿಂತರು. ಕಾವಲುಗಾರ ಚೀಟಿಯ ಕಡೆ ಒಮ್ಮೆ ಕಣ್ಣು ಹಾಯಿಸಿದ.

"ನಿಮಗೆ ಅದೆಲ್ಲ ಯಾಕೆ ಸಾರ್? ಪಕ್ಕಾ ನೀವೇ. ಹಾಗೇ ಹೋಗಿ."

ರವಾನೆಯವರಿಗೆ ಒಂದ್ಸಲ ಸರಿಯಾಗಿ ನೋಡಪ್ಪ ಎನ್ನಬೇಕೆನಿಸಿತು. ಆದರೆ ಹಿಂದೆ ಸಾಲಿನಲ್ಲಿದ್ದವರ ಭಂಗಿ ಕೆಡುತ್ತಿತ್ತು, ಬಿಸಿಲೂ ಏರುತ್ತಿತ್ತು. ಅವರು ಗದ್ದ ಮೇಲೆತ್ತಿ ಒಳಗೆ ಹೋದರು, ಮೆಟ್ಟಿಲಿಳಿದರು, ಬಲ್ಬು ಹಾಕಿದರು. ಮೀಟರುಗಳೆಲ್ಲ ಮುಖವೆತ್ತಿ ಅವರನ್ನು ನೆಟ್ಟಗೆ ನೋಡುತ್ತಿದ್ದವು.

"ಹೀಗಲ್ಲ" ಎಂದರು ರವಾನೆಯವರು, ಹತ್ತಿರದ ಮೀಟರೊಂದನ್ನು ಸ್ವಲ್ಪ ಓರೆಯಾಗಿ ತಿರುಗಿಸುತ್ತ.